ಗುಂಡುಸೂಜಿ ಇದ್ದಲ್ಲಿ ದನ ಇರಲಿಲ್ಲ

ಕಲ್ಯಾಣಪುರ

ಇಂಗ್ಲೆಂಡಿಗೆ ಹೋಗಿ ಬಂದವಳು ಎಂದ ಕೂಡಲೇ ಊರಿನವರು ಕೇಳುವುದು ಚಳಿಯ ವಿಷಯ. ಆಮೇಲೆ ಊಟದ ವಿಷಯ. ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮೀನು ಮಾರುವ ಗಿರಿಜಕ್ಕ ಬುಟ್ಟಿಯನ್ನು ಕೆಳಗಿಟ್ಟು ಕೇಳಿದಳು:

"ಬಾಯಮ್ಮ, ಅಲ್ಲಿ ರಾಣಿಯನ್ನು ನೋಡಿದಿರಾ?"

"ಇಲ್ಲ ಗಿರಿಜಕ್ಕ."

"ಅಯ್ಯೋ. ಮತ್ತೆ ಎಂತ ನೋಡಿದ್ದು ಅಷ್ಟು ದೂರ ಹೋಗಿ?"

ಬಸ್ಸು ಬಂತು, ನಾನು ಹತ್ತಿದೆ. ಉತ್ತರ ಕೊಡುವುದು ಬಾಕಿಯಾಯಿತು. ಈಗ ಅರವತ್ತರ ದಶಕ ಮುಗಿಯುತ್ತಾ ಬಂದಿದೆ. ಕಂಡದ್ದು ಮಸುಕಾಗುವ ಮೊದಲು ಬರೆದಿಡಬೇಕು ಅನ್ನಿಸಿದೆ. ನಾನು ನೋಡಿದ್ದು ಕೆಂಪು ತಲೆಯ ಒಂದು ಗುಂಡುಸೂಜಿ. ಗೋಡೆಯ ನಕ್ಷೆಯಲ್ಲಿ ಅದನ್ನು ತಪ್ಪು ಜಾಗಕ್ಕೆ ಚುಚ್ಚಿದ್ದರು. ತಪ್ಪೆಂದು ಹೇಳಿದ ಮೇಲೂ ಅದನ್ನು ಯಾರೂ ಕೀಳಲಿಲ್ಲ.

ನಾನು ಉಡುಪಿಯ ಕಾಲೇಜೊಂದರಲ್ಲಿ ಲೆಕ್ಕ ಕಲಿಸುವವಳು. ಸಂಖ್ಯಾಶಾಸ್ತ್ರ ಓದಲು ಒಂದು ವರ್ಷದ ವಿದ್ಯಾರ್ಥಿವೇತನ ಸಿಕ್ಕಿತ್ತು. ಹೊರಡುವ ದಿನ ನನ್ನ ತಾಯಿ ಜಪಮಾಲೆ ಕೊಟ್ಟರು, ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ಕೊಟ್ಟರು, ಹಟ್ಟಿಯ ಕಡೆಗೆ ಒಮ್ಮೆ ತಿರುಗಿ, "ದನಕ್ಕೆ ಹೇಳಿ ಹೋಗು" ಎಂದರು. ನಾನು ಹೋಗಿ ಅದರ ಹಣೆ ತುರಿಸಿ ಬಂದೆ. ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ನಮ್ಮಲ್ಲಿ ದನ ದೇವರಲ್ಲ. ಆದರೆ ಅಡುಗೆಮನೆಗೂ ಹಟ್ಟಿಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಮೊದಲು ಕೇಳುವ ಉಸಿರು ಅದರದ್ದೇ.

ಪ್ರೊಫೆಸರರ ಬೆಂಕಿಕಡ್ಡಿಗಳು

ನಾನು ಉಳಿದುಕೊಂಡ ಮನೆಯ ಒಡತಿ ಒಳ್ಳೆಯ ಹೆಂಗಸು. ಮೊದಲ ದಿನವೇ ಟೀ ಬಸಿಯುತ್ತಾ ಕೇಳಿದಳು: "ನಿಮ್ಮ ದೇಶದಲ್ಲಿ ದನ ದೇವರಂತೆ, ಹೌದೇ?"

"ನಮ್ಮ ಮನೆಯಲ್ಲಿ ಅಲ್ಲ. ನೆರೆಮನೆಯಲ್ಲಿ ಹೌದು" ಎಂದೆ.

ಆಕೆ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಕಲ್ಯಾಣಪುರದಲ್ಲಿ ಅದು ಇದ್ದದ್ದೇ ಹಾಗೆ. ಆ ದೇಶದಲ್ಲಿ ನನ್ನ ಸೀರೆ ಕಂಡವರೆಲ್ಲ ನನ್ನ ಧರ್ಮವನ್ನೂ ಕಂಡೆವು ಎಂದುಕೊಳ್ಳುತ್ತಿದ್ದರು. ಆಗ ಅದರಿಂದ ನನಗೆ ಬೇಸರವೇನೂ ಆಗುತ್ತಿರಲಿಲ್ಲ. ಮುಂದೆ ಅದರಿಂದಲೇ ಎಂಥ ಕೆಡುಕಾಗುತ್ತದೆ ಎಂದು ಗೊತ್ತಿರಲಿಲ್ಲ.

ಚಳಿಗಾಲದ ಆರಂಭದಲ್ಲಿ, ವೇಲ್ಸ್ ಗಡಿಗೆ ಹತ್ತಿರದ ಒಂದು ಜಿಲ್ಲೆಯ ದನಗಳಿಗೆ ಕಾಲುಬಾಯಿ ಜ್ವರ ಬಂತು. ನಮ್ಮ ಊರಿಗೂ ಗೊತ್ತಿರುವ ರೋಗ. ಬಾಯಲ್ಲಿ ಗುಳ್ಳೆ, ಗೊರಸಿನ ಸಂದಿಯಲ್ಲಿ ಹುಣ್ಣು, ಎಳೆಯೆಳೆಯಾಗಿ ಸುರಿಯುವ ಜೊಲ್ಲು. ನಮ್ಮಲ್ಲಿ ಗೊರಸಿಗೆ ಬೇವಿನ ಎಣ್ಣೆ ಹಚ್ಚಿ, ಗಂಜಿ ಕುಡಿಸಿ, ಕಾಯುತ್ತಾರೆ. ಹೆಚ್ಚಿನವು ಬದುಕುತ್ತವೆ, ಎಳೆಗರುಗಳು ಸಾಯುತ್ತವೆ, ಹಾಲು ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಕಾಯುವುದಿಲ್ಲ. ಒಂದು ದನಕ್ಕೆ ಬಂದರೆ ಆ ಕೊಟ್ಟಿಗೆಯ ಎಲ್ಲ ದನಗಳನ್ನೂ ಕೊಂದು ಹೂಳುತ್ತಾರೆ. ಹತ್ತಿರದ ಕೊಟ್ಟಿಗೆಗೆ ಸೋಂಕು ತಗಲಿರಬಹುದೆಂಬ ಸಂಶಯ ಬಂದರೆ ಅಲ್ಲಿಯವನ್ನೂ ಕೊಲ್ಲುತ್ತಾರೆ.

ಮೊದಲು ಕೇಳಿದಾಗ ಇದು ಬರೀ ಕ್ರೌರ್ಯ ಅನ್ನಿಸಿತು. ಆದರೆ ನಮ್ಮ ಪ್ರೊಫೆಸರರು ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಸಾಲಾಗಿಟ್ಟು ತೋರಿಸಿದಾಗ ಅದರ ಹಿಂದಿನ ಲೆಕ್ಕವೂ ಅರ್ಥವಾಯಿತು. ಒಂದು ಕಡ್ಡಿ ಉರಿದು ಆರುವುದರೊಳಗೆ ಎಷ್ಟು ಹೊಸ ಕಡ್ಡಿಗಳಿಗೆ ಬೆಂಕಿ ತಗಲಿಸುತ್ತದೆ? ಒಂದಕ್ಕಿಂತ ಹೆಚ್ಚಾದರೆ ಪೆಟ್ಟಿಗೆಯೇ ಉರಿಯುತ್ತದೆ. ಒಂದಕ್ಕಿಂತ ಕಡಿಮೆಯಾದರೆ ಬೆಂಕಿ ತಾನಾಗಿ ಸಾಯುತ್ತದೆ. ಕಡ್ಡಿ ಎಂದರೆ ಒಂದು ಕೊಟ್ಟಿಗೆ. ಆ ಒಂದು ಅಂಕಿಯನ್ನು ಅಳೆಯುವುದೇ ನಮ್ಮ ಕೆಲಸ. ಜಿಲ್ಲೆಯ ಅಧಿಕಾರಿಗಳು ಪ್ರೊಫೆಸರರ ಸಹಾಯ ಕೇಳಿದ್ದರು. ಅವರು ನನ್ನನ್ನೂ ಕಳಿಸಿದರು.

ನಾನು ಖುಷಿಯಿಂದಲೇ ಹೊರಟೆ. ರೋಗದ ಕೊಟ್ಟಿಗೆಯನ್ನು ಕೊಲ್ಲುವುದರ ಬಗ್ಗೆ ನನ್ನ ತಕರಾರು ಇಲ್ಲ. ಅದರ ಬಗ್ಗೆ ಬಲ್ಲವರು ವಾದಿಸಲಿ. ನನ್ನ ಸಿಟ್ಟು ಬೇರೆಯದು.

ನಕ್ಷೆಯ ಕೋಣೆ

ಜಿಲ್ಲಾಕೇಂದ್ರದ ಸಭಾಭವನವನ್ನು ಕಚೇರಿ ಮಾಡಿದ್ದರು. ಬಾಗಿಲಲ್ಲೇ ಫಿನಾಯಿಲಿನಂಥ ಘಾಟು. ನೆಲಕ್ಕೆ ಮದ್ದಿನ ನೀರಿನಲ್ಲಿ ನೆನೆಸಿದ ಗೋಣಿ ಹಾಸಿದ್ದರು. ಒಳಗೆ ಹೋಗುವವರು ಮೊಣಕಾಲಿನವರೆಗಿನ ರಬ್ಬರ್ ಬೂಟು ಹಾಕಿ, ಒಂದು ತೊಟ್ಟಿಯಲ್ಲಿ ನಿಂತು, ಬ್ರಷ್ಷಿನಿಂದ ಉಜ್ಜಿಸಿಕೊಳ್ಳಬೇಕು. ಬ್ರಷ್ ಹಿಡಿದು ನಿಂತಿದ್ದ ಒಬ್ಬ ಪೊಲೀಸಿನವನು ನನ್ನ ಬೂಟನ್ನು ಉಜ್ಜಿ, ಸೀರೆಯ ಅಂಚಿನ ಹತ್ತಿರ ಬಂದು, ಕೈ ನಿಲ್ಲಿಸಿ, ಕಿವಿಯವರೆಗೆ ಕೆಂಪಾದ.

"ಮೇಡಂ, ಇದಕ್ಕೆ... ನಮಗೆ ನಿಯಮ ಕೊಟ್ಟಿಲ್ಲ."

ಗದ್ದೆಯ ಕೆಸರಿನಲ್ಲಿ ನೇಜಿ ನೆಡುವ ಹೆಂಗಸರಂತೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದೆ. ಅವನು ಗೋಡೆ ನೋಡುತ್ತಾ ಬ್ರಷ್ ಆಡಿಸಿದ. ಮರುದಿನದಿಂದ ನಾನು ಮನೆಯೊಡತಿಯ ಗಂಡನ ಹಳೆಯ ಪ್ಯಾಂಟು ಹಾಕಿದೆ. ಕಲ್ಯಾಣಪುರದ ಇಗರ್ಜಿಯವರು ಈ ಸಾಲು ಓದದಿರಲಿ.

ಗೋಡೆಯ ತುಂಬ ಜಿಲ್ಲೆಯ ನಕ್ಷೆ. ರೋಗ ಬಂದ ಕೊಟ್ಟಿಗೆಗೆ ಕೆಂಪು ತಲೆಯ ಗುಂಡುಸೂಜಿ, ಸಂಶಯದ್ದಕ್ಕೆ ಹಳದಿ. ಕೆಂಪು ಸೂಜಿಗೆ ದಾರ ಕಟ್ಟಿ, ದಾರದ ತುದಿಗೆ ಪೆನ್ಸಿಲ್ ಕಟ್ಟಿ, ಸುತ್ತ ಒಂದು ವೃತ್ತ ಎಳೆಯುತ್ತಿದ್ದರು. ಕಾಪುವಿನಲ್ಲಿ ನನ್ನ ಅಣ್ಣನ ಮನೆ ಉಂಟು. ಅಲ್ಲಿಯ ದೀಪಸ್ತಂಭದ ಬೆಳಕು ಸುತ್ತುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಆ ಬೆಳಕು ದೋಣಿಯ ಮೇಲೂ ಬೀಳುತ್ತದೆ, ಬಂಡೆಯ ಮೇಲೂ ಬೀಳುತ್ತದೆ, ಯಾರನ್ನೂ ಕೇಳುವುದಿಲ್ಲ. ಈ ವೃತ್ತವೂ ಹಾಗೆಯೇ. ವ್ಯತ್ಯಾಸ ಒಂದೇ: ಕಾಪುವಿನ ಬೆಳಕು ಯಾರನ್ನೂ ಕೊಲ್ಲುವುದಿಲ್ಲ.

ಆ ಕೋಣೆಯ ಮುಖ್ಯಸ್ಥ ಎತ್ತರದ ಮನುಷ್ಯ, ಸಭ್ಯ. ಅವರ ಹೆಸರು ಬೇಡ, ಅಧಿಕಾರಿ ಎಂದರೆ ಸಾಕು. ವೃತ್ತದೊಳಗಿನ ಮನೆಗಳಿಗೆ ಹೋಗಿ, ಯಾರು ಬಂದರು, ಯಾರು ಹೋದರು, ಹಾಲಿನ ಲಾರಿ ಯಾವ ದಾರಿಯಲ್ಲಿ ಬಂತು ಎಂದು ಕೇಳಿ ಬರುವುದು ನನ್ನ ಕೆಲಸ. ಜೊತೆಗೆ ಒಬ್ಬ ಪಶುವೈದ್ಯರು. ಐವತ್ತು ದಾಟಿದವರು, ಮದ್ದಿನ ನೀರಿನಿಂದ ಕೈ ಬಿರಿದು ಕೆಂಪಾಗಿತ್ತು. ಹೆಚ್ಚು ಮಾತಿಲ್ಲ.

ಒಣ ಕೊಟ್ಟಿಗೆ

ಮೂರನೆಯ ದಿನ ಹೋದದ್ದು ಪ್ರಾಸರ್ ಎಂಬವರ ಮನೆಗೆ. ಅವರ ಬೇಲಿಗೆ ತಾಗಿದ ಫಾರ್ಮಿಗೆ ಹಿಂದಿನ ದಿನ ರೋಗ ಬಂದಿತ್ತು. ಅಲ್ಲಿ ಕೊಲ್ಲುವುದು ಮುಗಿದು, ಗುಂಡಿ ತೋಡುವ ಯಂತ್ರ ಗುರುಗುಡುತ್ತಿತ್ತು. ವೃತ್ತದ ಒಳಗೆ ಮೊದಲ ಮನೆಯೇ ಪ್ರಾಸರ್ ಅವರದು. ನಕ್ಷೆಯಲ್ಲಿ ಅದಕ್ಕೆ ಹಳದಿ ಸೂಜಿ ಆಗಲೇ ಚುಚ್ಚಿದ್ದರು.

ಅಲ್ಲಿ ಯಾರ ಮನೆಗೆ ಹೋದರೂ ಮೊದಲು ಟೀ. ದನ ಸತ್ತ ಮನೆಯಲ್ಲೂ ಟೀ. ಮಿಸ್ಟರ್ ಪ್ರಾಸರ್ ಒಬ್ಬರೇ ಅಡುಗೆಮನೆಯಲ್ಲಿದ್ದರು. ಟೀ ಕಹಿಯಾಗಿತ್ತು, ರೊಟ್ಟಿ ಕರಟಿತ್ತು, ತೊಟ್ಟಿಯಲ್ಲಿ ತೊಳೆಯದ ಪಾತ್ರೆಗಳ ರಾಶಿ. ಮನೆಯಲ್ಲಿ ಹೆಂಗಸು ಇಲ್ಲವೆಂದು ತಿಳಿಯಲು ಪ್ರಶ್ನೆ ಬೇಕಿರಲಿಲ್ಲ.

ನನಗೆ ವಿಚಿತ್ರವೆನಿಸಿದ್ದು ಅದಲ್ಲ. ಅಡುಗೆಮನೆಯಿಂದ ಕೊಟ್ಟಿಗೆಗೆ ನಾಲ್ಕು ಹೆಜ್ಜೆ. ಆದರೂ ಸೆಗಣಿಯ ವಾಸನೆ ಇರಲಿಲ್ಲ. ಎದ್ದು ಹೋಗಿ ನೋಡಿದೆ. ಗಂಜಲ ಹರಿಯುವ ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ಗೊಂತಿನ ಕಂಬದಿಂದ ಕಂಬಕ್ಕೆ ಜೇಡ ಬಲೆ ನೇಯ್ದಿತ್ತು.

"ನಿಮ್ಮ ದನಗಳು ಎಲ್ಲಿ?" ಎಂದು ಕೇಳಿದೆ.

"ನನ್ನ ದನಗಳಲ್ಲ. ಅವಳವು" ಎಂದರು ಪ್ರಾಸರ್. "ನನ್ನದು ಗೋಧಿ, ಆಲೂಗಡ್ಡೆ. ದನ ಎಲ್ಲ ಅವಳ ತಾಯಿಯಿಂದ ಬಂದದ್ದು. ತಾಯಿಯ ಹೊಲ ಆ ಗುಡ್ಡದ ಆಚೆ. ಬೇಸಗೆ ಮುಗಿದ ಮೇಲೆ ದನಗಳು ಅಲ್ಲಿಯೇ. ಅಲ್ಲಿ ಗಾಳಿ ಕಡಿಮೆ, ಹಳೆಯ ಕಲ್ಲಿನ ಕೊಟ್ಟಿಗೆ ಬೆಚ್ಚಗಿದೆ."

"ನಿಮ್ಮ ಹೆಂಡತಿ?"

"ಅಲ್ಲಿಯೇ. ಜಿಲ್ಲೆಯ ಆ ತುದಿಯಲ್ಲಿ ರೋಗ ಬಂದಿದೆ ಎಂದು ರೇಡಿಯೋ ಹೇಳಿತಲ್ಲ, ಅದೇ ದಿನ ಹಾಸಿಗೆ ಸುತ್ತಿಕೊಂಡು ಹೋದಳು. ಮತ್ತೆ ಮನೆಗೆ ಕಾಲಿಟ್ಟಿಲ್ಲ. ನನ್ನನ್ನೂ ಹತ್ತಿರ ಬಿಡುವುದಿಲ್ಲ. ನಿನ್ನ ಬೂಟಿನಲ್ಲಿ ಏನಿದೆಯೋ ಯಾರಿಗೆ ಗೊತ್ತು ಅನ್ನುತ್ತಾಳೆ."

ನನಗೆ ತಟ್ಟನೆ ಅರ್ಥವಾಯಿತು. ನಮ್ಮ ನೆರೆಯ ತುಳು ಮನೆಯಲ್ಲಿ ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಗಂಡನ ಮನೆ ಒಂದು ಕಡೆ, ಹೆಂಡತಿಯ ಗದ್ದೆ ಇನ್ನೊಂದು ಕಡೆ. ಅವಳ ಕೋಣ ಎಲ್ಲಿದೆ ಎಂದು ಅವಳ ಗಂಡನ ಅಂಗಳದಲ್ಲಿ ಯಾರೂ ಹುಡುಕುವುದಿಲ್ಲ. ಪಶುವೈದ್ಯರ ಕಡೆ ನೋಡಿದೆ. ಅವರು ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

"ಕಚೇರಿಯ ಪಟ್ಟಿಯಲ್ಲಿ ಎರಡು ಹೊಲವೂ ಸೇರಿ ಒಂದೇ ಫಾರ್ಮ್" ಎಂದರು. "ಗಂಡನ ಹೆಸರು. ಈ ಮನೆಯ ವಿಳಾಸ."

ಕಲ್ಲಿನ ಗೋಡೆ

ಪ್ರಾಸರ್ ನಮ್ಮನ್ನು ಗುಡ್ಡದ ನೆತ್ತಿಗೆ ಕರೆದುಕೊಂಡು ಹೋದರು. ಅಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ ಇತ್ತು. ಅವರು ದಿನವೂ ರೊಟ್ಟಿ, ಮಾಂಸ, ದಿನಪತ್ರಿಕೆಯನ್ನು ಬಕೆಟಿನಲ್ಲಿ ಹಾಕಿ, ಬಕೆಟನ್ನು ಮದ್ದಿನ ನೀರಿನಿಂದ ಒರೆಸಿ, ಗೋಡೆಯ ಮೇಲಿಟ್ಟು, ಹಿಂದೆ ಸರಿದು ಕೂಗುತ್ತಾರೆ. ಅವರು ದೂರ ಹೋದ ಮೇಲೆ ಆಕೆ ಬಂದು ಒಯ್ಯುತ್ತಾಳೆ.

ನನ್ನ ಬಾಲ್ಯದಲ್ಲಿ ಸಿಡುಬು ಬಂದ ಮನೆಗೆ ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ಗಂಜಿಯ ಪಾತ್ರೆ ಇಟ್ಟು ಕೂಗುತ್ತಿದ್ದದ್ದು ನೆನಪಾಯಿತು. ಆದರೆ ಇಲ್ಲಿ ರೋಗ ಹೊರಗಿತ್ತು. ಒಳಗಿದ್ದದ್ದು ಆರೋಗ್ಯ.

ಪ್ರಾಸರ್ ಕೂಗಿದರು. ಇಳಿಜಾರಿನ ಕೆಳಗಿನ ಕೊಟ್ಟಿಗೆಯಿಂದ ಮಿಸೆಸ್ ಪ್ರಾಸರ್ ಹೊರಗೆ ಬಂದರು. ಗಿಡ್ಡ ಹೆಂಗಸು, ತಲೆಗೆ ಕಟ್ಟಿದ ವಸ್ತ್ರ, ಸೊಂಟದ ಮೇಲೆ ಕೈ.

"ಅಲ್ಲಿಯೇ ನಿಲ್ಲಿ!" ಆಕೆಯ ಮೊದಲ ಮಾತು. "ಅದು ಯಾರು ನಿನ್ನ ಜೊತೆ?"

"ಡಾಕ್ಟರು. ಮತ್ತೆ ಇಂಡಿಯಾದ ಒಬ್ಬರು ಮಿಸ್. ಲೆಕ್ಕ ಹಾಕುವವರು."

"ಲೆಕ್ಕವನ್ನು ಅಲ್ಲಿಂದಲೇ ಹಾಕಲಿ!"

ಗಾಳಿ ಮಾತನ್ನು ಒಯ್ಯುತ್ತಿತ್ತು. ಒಂದೊಂದು ಪ್ರಶ್ನೆಯನ್ನೂ ಎರಡು ಸಲ ಕೂಗಿದೆ. ಹಾಲಿನ ಲಾರಿ ಬರುತ್ತದೆಯೇ? ಬರಬೇಡ ಎಂದು ಹೇಳಿದ್ದೇನೆ. ಹಾಲು ಏನು ಮಾಡುತ್ತೀರಿ? ಹೊಲಕ್ಕೆ ಚೆಲ್ಲುತ್ತೇನೆ. ಮೇವು? ನನ್ನ ಹುಲ್ಲು. ಯಾರಾದರೂ ಬಂದಿದ್ದರೇ? ಪಾದ್ರಿ ಬಂದಿದ್ದರು, ಗೇಟಿನ ಹೊರಗೆ ನಿಲ್ಲಿಸಿ ಕಳಿಸಿದೆ.

ಆಮೇಲೆ ಆಕೆಯೇ ಒಂದು ಪ್ರಶ್ನೆ ಕೇಳಿದರು. "ನಿನ್ನ ಮನೆಯಲ್ಲಿ ದನ ಇದೆಯೇ, ಮಿಸ್?"

"ಇದೆ! ಒಂದು!"

"ಹಾಗಾದರೆ ಅವರಿಗೆ ಹೇಳು. ಇವು ಚೆನ್ನಾಗಿವೆ ಎಂದು ಹೇಳು."

ಹೇಳುತ್ತೇನೆ ಎಂದು ಕೂಗಿದೆ. ಕೆಳಗೆ ಕೊಟ್ಟಿಗೆಯ ಬಾಗಿಲಲ್ಲಿ ಬಿಳಿ ಮೋರೆಯ ಒಂದು ದನ ಮೆಲುಕು ಹಾಕುತ್ತಾ ನಿಂತಿತ್ತು. ಬಾಯಿಯ ಸುತ್ತ ನೊರೆಯಿಲ್ಲ, ಕಾಲು ಎತ್ತುತ್ತಿಲ್ಲ. ಹಿಂದಿರುಗುವಾಗ ಪಶುವೈದ್ಯರು ತಾವಾಗಿ ಮಾತಾಡಿದರು: "ರೋಗ ಒಳಗೆ ಅಡಗಿ ಕೂತಿರಬಹುದಾದ ಅವಧಿ ಎಂದೋ ಮುಗಿದಿದೆ. ಈ ಜಿಲ್ಲೆಯಲ್ಲಿ ಇಷ್ಟು ಸುರಕ್ಷಿತವಾದ ದನಗಳನ್ನು ನಾನು ನೋಡಿಲ್ಲ."

ಮತ್ತೆ ನಕ್ಷೆಯ ಕೋಣೆ

ಕೋಣೆಗೆ ಬಂದಾಗ ಪ್ರಾಸರ್ ಮನೆಯ ಹಳದಿ ಸೂಜಿ ಹೋಗಿ ಕೆಂಪು ಸೂಜಿ ಬಂದಿತ್ತು. ಬೇಲಿಗೆ ಬೇಲಿ ತಾಗಿದೆ, ಸೋಂಕು ತಗಲಿಯೇ ಇರುತ್ತದೆ ಎಂದು ನಾವು ಗುಡ್ಡ ಹತ್ತುತ್ತಿದ್ದಾಗಲೇ ತೀರ್ಮಾನವಾಗಿತ್ತು. ನಾಳೆ ಬೆಳಿಗ್ಗೆ ಕೊಲ್ಲುವುದು.

ನಾನು ಅಧಿಕಾರಿಯ ಮೇಜಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಒಣ ಕೊಟ್ಟಿಗೆ, ತಾಯಿಯ ಹೊಲ, ಕಲ್ಲಿನ ಗೋಡೆ, ಬಕೆಟ್ಟು. ಅವರು ಗಮನವಿಟ್ಟು ಕೇಳಿದರು. ಅದು ಅವರ ಒಳ್ಳೆಯ ಗುಣ.

"ಪ್ರಾಸರ್ ಫಾರ್ಮ್ ಒಂದೇ, ಮಿಸ್ ಲೋಬೊ. ಅದರ ವಿಳಾಸ ಇದು." ಪೆನ್ಸಿಲಿನಿಂದ ಸೂಜಿಯನ್ನು ತಟ್ಟಿದರು.

"ಅದು ಮನೆಯ ವಿಳಾಸ. ದನಗಳ ವಿಳಾಸ ಯಾವುದು?"

"ದನಗಳಿಗೆ ವಿಳಾಸ ಇರುವುದಿಲ್ಲ."

ಪಕ್ಕದ ಮೇಜುಗಳಲ್ಲಿ ಕೆಲವರು ನಕ್ಕರು. ನಾನು ನಕ್ಷೆಯ ಹತ್ತಿರ ಹೋಗಿ, ಗುಡ್ಡದ ಆಚೆಯ ಹೊಲದ ಮೇಲೆ ಬೆರಳಿಟ್ಟೆ. ಅದು ವೃತ್ತದ ಹೊರಗಿತ್ತು. ಸ್ವಲ್ಪವೇನಲ್ಲ, ಬಹಳ ಹೊರಗೆ.

"ಸೂಜಿಯನ್ನು ಇಲ್ಲಿ ಚುಚ್ಚಿ" ಎಂದೆ. "ದನ ಇರುವುದು ಇಲ್ಲಿ."

ಅಧಿಕಾರಿ ಎದ್ದು ಬಂದು ನನ್ನ ಪಕ್ಕ ನಿಂತರು. ಧ್ವನಿ ತಗ್ಗಿಸಿ, ತುಂಬ ಮೃದುವಾಗಿ ಹೇಳಿದರು: "ನಿಮ್ಮ ದೇಶದಲ್ಲಿ ದನದ ಬಗ್ಗೆ ಇರುವ ಭಾವನೆ ನನಗೆ ಗೊತ್ತಿದೆ. ಅದನ್ನು ನಾನು ಗೌರವಿಸುತ್ತೇನೆ. ಬೇಕಾದರೆ ನಾಳೆ ನೀವು ಬರಬೇಡಿ."

ನಾನು ನಕ್ಷೆಯಿಂದ ಬೆರಳು ತೆಗೆಯಲಿಲ್ಲ. "ನಾನು ಕ್ಯಾಥೊಲಿಕ್. ನಾನು ಭಾವನೆ ಹೇಳುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. ನೀವು ಅಳೆಯುತ್ತಿರುವುದು ದನದಿಂದ ದನಕ್ಕೆ ಹೋಗುವ ರೋಗವನ್ನೋ, ಮನೆಯಿಂದ ಮನೆಗೆ ಹೋಗುವ ಅಂಚೆಯನ್ನೋ?"

ಈ ಸಲ ಯಾರೂ ನಗಲಿಲ್ಲ. ಅವರ ಮುಖದ ಮೃದುತ್ವವೂ ಹೋಗಲಿಲ್ಲ. ಆ ಮೃದುತ್ವವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನ್ನ ಮಾತನ್ನು ನನ್ನ ಸೀರೆಯ ಒಳಗೆ ಸುತ್ತಿ ನನಗೇ ಹಿಂದೆ ಕೊಟ್ಟರು. ಆ ದಿನ ನಾನು ಉಟ್ಟದ್ದು ಸೀರೆಯೂ ಅಲ್ಲ, ಪ್ಯಾಂಟು.

ಪಶುವೈದ್ಯರೂ ಹೇಳಿ ನೋಡಿದರು. ಅವರಿಗೆ ಸಿಕ್ಕಿದ ಉತ್ತರ, ಆದೇಶ ಹೊರಟು ಹೋಗಿದೆ ಎಂದು.

ಓಣಿ

ಮರುದಿನ ನಾನು ಹೋದೆ. ಬರಬೇಡಿ ಎಂದದ್ದಕ್ಕೇ ಹೋದೆ.

ಗುಂಡಿ ತೋಡುವ ಯಂತ್ರ ನೆರೆಯ ಫಾರ್ಮಿನಲ್ಲಿತ್ತು. ಗುಡ್ಡದ ಆಚೆಯ ಹೊಲಕ್ಕೆ ಹೋಗುವ ಓಣಿ ಇಕ್ಕಟ್ಟು. ಎರಡು ಬದಿಗೂ ಕಲ್ಲಿನ ಗೋಡೆ, ನಮ್ಮಲ್ಲಿಯ ಪಾಗಾರಗಳ ನಡುವಿನ ಓಣಿಯ ಹಾಗೆ. ಯಂತ್ರ ಅದರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಯಂತ್ರವನ್ನು ದನಗಳ ಬಳಿಗೆ ಒಯ್ಯುವ ಬದಲು ದನಗಳನ್ನು ಯಂತ್ರದ ಬಳಿಗೆ ತರಬೇಕೆಂದು ಹೇಳಿಕಳಿಸಿದ್ದರು. ಇದನ್ನು ಓದುವವರು ಇನ್ನೊಮ್ಮೆ ಓದಬೇಕು. ರೋಗದ ಹತ್ತಿರ ಇವೆ ಎಂದು ಕೊಲ್ಲಬೇಕಾದ ದನಗಳು ರೋಗದ ಹತ್ತಿರ ಇರಲಿಲ್ಲ. ಕೊಲ್ಲುವುದಕ್ಕಾಗಿ ಅವನ್ನು ರೋಗದ ಹತ್ತಿರಕ್ಕೆ ನಡೆಸಿಕೊಂಡು ಬಂದರು. ದಾರಿಯಲ್ಲಿ ಬೇರೆಯವರ ಹೊಲಗಳೂ ಇದ್ದವು. ಅವುಗಳ ಗೇಟಿನ ಮುಂದೆಯೇ ನಡೆಸಿದರು.

ನಡೆಸಿದ್ದು ಮಿಸೆಸ್ ಪ್ರಾಸರ್. ಬೇರೆ ಯಾರ ಹಿಂದೆಯೂ ಅವು ಹೋಗುವುದಿಲ್ಲ. ಆಕೆ ಮುಂದೆ ನಡೆಯುತ್ತಾ ಕರೆಯುತ್ತಿದ್ದರು. ಒಂದೊಂದಕ್ಕೂ ಒಂದೊಂದು ಹೆಸರು, ಹೆಚ್ಚಿನವು ಹೂವಿನ ಹೆಸರುಗಳು. ಬಿಳಿ ಮೋರೆಯದ್ದು ಎಲ್ಲಕ್ಕಿಂತ ಮುಂದಿತ್ತು. ನೆರೆಯ ಫಾರ್ಮಿನ ಬೇಲಿಯ ಹತ್ತಿರ ಬಂದಾಗ ಅವೆಲ್ಲ ನಿಂತು ಮೂಗು ಎತ್ತಿ ಗಾಳಿ ಮೂಸಿದವು. ಆಕೆ ಮತ್ತೆ ಕರೆದರು. ಕರೆದದ್ದಕ್ಕೆ ಬಂದವು.

ಜೇಡರ ಬಲೆಯ ಆ ಕೊಟ್ಟಿಗೆಯೊಳಗೆ ಹೋಗಿ, ತಮ್ಮ ತಮ್ಮ ಬೇಸಗೆಯ ಜಾಗದಲ್ಲಿ ತಾವಾಗಿಯೇ ನಿಂತವು. ಮುಂದಿನದ್ದನ್ನು ವಿವರಿಸುವುದಿಲ್ಲ. ಗುಂಡಿನ ಶಬ್ದ ನಾನು ಎಣಿಸಿದ್ದಕ್ಕಿಂತ ಸಣ್ಣದು. ಬಿದ್ದಾಗಿನ ಶಬ್ದ ದೊಡ್ಡದು. ಮಿಸೆಸ್ ಪ್ರಾಸರ್ ಅಂಗಳದಲ್ಲಿ ನನ್ನಿಂದ ಸ್ವಲ್ಪ ದೂರ ನಿಂತಿದ್ದರು. ಈಗ ಯಾರು ಹತ್ತಿರ ಬಂದರೂ ಆಕೆಗೆ ಚಿಂತೆಯಿರಲಿಲ್ಲ. ನಾನು ಹತ್ತಿರ ಹೋದೆ.

"ಹೇಳಿದೆ" ಎಂದೆ. "ಅವರಿಗೆ ಹೇಳಿದೆ."

"ಗೊತ್ತು, ಮಿಸ್. ಡಾಕ್ಟರು ಹೇಳಿದರು." ಆಕೆ ಕೈಗೆ ಅಂಟಿದ್ದ ಹುಲ್ಲಿನ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. "ನಾನು ಕರೆಯಬಾರದಿತ್ತು. ನಾನು ಕರೆಯದಿದ್ದರೆ ಅವು ಬರುತ್ತಿರಲಿಲ್ಲ."

ನಾನು ಆಕೆಯ ತೋಳಿಗೆ ಅಂಟಿದ್ದ ಒಂದು ಎಳೆಯನ್ನು ಕಿತ್ತೆ.

ಪಶುವೈದ್ಯರು ಒಂದೊಂದು ದನದ ಬಾಯಿ ತೆರೆದು, ನಾಲಗೆ ಎಳೆದು, ಗೊರಸು ಬಿಡಿಸಿ ನೋಡಿದರು. ಎಲ್ಲವನ್ನೂ ನೋಡಿ ಮುಗಿಸಿ ಎದ್ದು ನಿಂತು, "ಏನೂ ಇಲ್ಲ. ಒಂದರಲ್ಲೂ ಇಲ್ಲ" ಎಂದರು.

ಅಷ್ಟರಲ್ಲಿ ಬಂದಿದ್ದ ಅಧಿಕಾರಿ ತಲೆಯಾಡಿಸಿದರು. ಅವರ ಮುಖದಲ್ಲಿ ನಿಜವಾದ ಸಮಾಧಾನವಿತ್ತು.

"ದೇವರ ದಯೆ" ಎಂದರು. "ಸಮಯಕ್ಕೆ ಸರಿಯಾಗಿ ಬಂದೆವು."

ಪ್ರೊಫೆಸರರ ಮೇಜು

ಈ ಒಂದು ಮಾತನ್ನು ನಾನು ಊರಿನವರೆಗೂ ಹೊತ್ತುಕೊಂಡು ಬಂದಿದ್ದೇನೆ. ಅದರಲ್ಲಿ ತಪ್ಪು ಹಿಡಿಯಲು ಹೋದರೆ ಕೈಗೆ ಏನೂ ಸಿಗುವುದಿಲ್ಲ, ಅಷ್ಟು ನುಣುಪಾಗಿದೆ. ಬಾಯಲ್ಲಿ ಗುಳ್ಳೆ ಇದ್ದಿದ್ದರೆ, ಕೊಂದದ್ದು ಸರಿ. ಗುಳ್ಳೆ ಇಲ್ಲದಿದ್ದರೆ, ಬರುವ ಮೊದಲೇ ಕೊಂದೆವು, ಇನ್ನೂ ಸರಿ. ತಪ್ಪಾಗುವುದಕ್ಕೆ ದಾರಿಯೇ ಇಲ್ಲದ ಲೆಕ್ಕ ಅದು. ನನ್ನ ವಿದ್ಯಾರ್ಥಿಗಳು ಇಂಥ ಲೆಕ್ಕ ಬರೆದರೆ ನಾನು ಸೊನ್ನೆ ಕೊಡುತ್ತೇನೆ.

ಚಳಿಗಾಲ ಕಳೆದು ರೋಗ ನಿಂತಿತು. ಪ್ರೊಫೆಸರರು ವರದಿ ಬರೆದರು. ಅದರಲ್ಲಿ ಪ್ರಾಸರ್ ಕೊಟ್ಟಿಗೆ, ರೋಗ ಮುಂದಕ್ಕೆ ಹೋಗದಂತೆ ತಡೆದ ಕೊಟ್ಟಿಗೆಗಳ ಗುಂಪಿಗೆ ಸೇರಿತ್ತು. ವೃತ್ತ ಎಳೆದು ಕೊಂದರೆ ರೋಗ ನಿಲ್ಲುತ್ತದೆ ಎಂಬುದಕ್ಕೆ ಅದೂ ಒಂದು ಸಾಕ್ಷಿ. ಎಂದೂ ಹೊತ್ತಿಕೊಳ್ಳದ ಕಡ್ಡಿಯನ್ನು ಮುರಿದು, ಬೆಂಕಿ ಆರಿಸಿದೆವು ಎಂದು ಬರೆದ ಹಾಗೆ.

"ಅದನ್ನು ತೆಗೆಯಿರಿ" ಎಂದೆ.

"ಒಂದು ಫಾರ್ಮಿನಿಂದ ಸರಾಸರಿ ಏನೂ ಬದಲಾಗುವುದಿಲ್ಲ, ಮಿಸ್ ಲೋಬೊ."

"ಒಂದೇ ಎಂದು ನಿಮಗೆ ಹೇಗೆ ಗೊತ್ತು? ಉಳಿದ ಮನೆಗಳಲ್ಲಿ ಕೊಟ್ಟಿಗೆಗೆ ಹೋಗಿ ನೋಡಿದವರು ಯಾರು?"

ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ. ನನ್ನ ಊಟ ತಿಂಡಿಯ ಬಗ್ಗೆ ತಂದೆಯಂತೆ ವಿಚಾರಿಸುತ್ತಿದ್ದವರು. "ಈಗ ಯಾರು ಅಷ್ಟು ಮನೆಗೆ ಹೋಗುವುದು?" ಎಂದರು.

ವರದಿಯ ಕೊನೆಯಲ್ಲಿ ಕೃತಜ್ಞತೆಗಳ ಸಾಲಿನಲ್ಲಿ ನನ್ನ ಹೆಸರಿತ್ತು. ಅದನ್ನಾದರೂ ತೆಗೆಯಿರಿ ಎಂದೆ. ತೆಗೆದರು. ಅದನ್ನು ಮಾತ್ರ ಕೂಡಲೇ ತೆಗೆದರು.

ಮಣಿಪಾಲ

ಊರಿಗೆ ಬಂದು ಕೆಲವು ತಿಂಗಳಾದ ಮೇಲೆ ಮಣಿಪಾಲದಲ್ಲಿ ಒಂದು ಸಭೆ ಕರೆದರು. ಕಾರ್ಕಳದ ಕಡೆಯ ಕೆಲವು ಊರುಗಳಲ್ಲಿ ಕಾಲುಬಾಯಿ ಜ್ವರ ಎದ್ದಿತ್ತು. ಇಂಗ್ಲೆಂಡಿನಲ್ಲಿ ರೋಗವನ್ನು ಅಳೆಯುವ ಪದ್ಧತಿಯ ಬಗ್ಗೆ ನಾನು ಮಾತಾಡಬೇಕಂತೆ. ಮಣಿಪಾಲದ ಗುಡ್ಡದ ಮೇಲೆ ಈಗ ಹೊಸ ಕಟ್ಟಡಗಳು ಏಳುತ್ತಲೇ ಇವೆ. ಸಭಾಂಗಣಕ್ಕೆ ಸುಣ್ಣದ ವಾಸನೆ ಇತ್ತು.

ವೇದಿಕೆಯ ಗೋಡೆಯಲ್ಲಿ ಕಾರ್ಕಳ ತಾಲೂಕಿನ ನಕ್ಷೆ ತೂಗುಹಾಕಿದ್ದರು. ಅದರಲ್ಲಿ ಗುಂಡುಸೂಜಿಗಳು. ಕೆಂಪು ತಲೆಯವು.

ನಕ್ಷೆ ಮಾಡಿಸಿದ್ದು ದನಗಳ ಇಲಾಖೆಯ ಒಬ್ಬರು ಸಾಹೇಬರು. ಹೊಸಬರು, ಉತ್ಸಾಹಿ. "ನೋಡಿ ಮೇಡಂ, ನಿಮ್ಮ ಇಂಗ್ಲೆಂಡಿನಂತೆಯೇ ಮಾಡಿದ್ದೇವೆ" ಎಂದು ನಕ್ಕರು.

ನಾನು ನಕ್ಷೆಯ ಹತ್ತಿರ ಹೋದೆ. "ಇವು ಎಂತ, ದನ ಇರುವ ಜಾಗವೋ?" ಎಂದು ಕೇಳಿದೆ.

"ಅದೇ, ರೋಗದ ಊರುಗಳಲ್ಲಿ ದನ ಇರುವ ಮನೆಗಳು. ಯಜಮಾನರ ಹೆಸರು ನೋಡಿ ಮನೆ ಗುರುತು ಮಾಡಿದ್ದು."

"ಮನೆಯಲ್ಲಿ ದನ ಉಂಟೋ?"

"ಮತ್ತೆ ಎಲ್ಲಿ ಇರುತ್ತದೆ ಮಾರಾಯ್ರೆ?"

ನಾನು ಭಾಷಣ ಬರೆದುಕೊಂಡು ಹೋಗಿದ್ದೆ. ಅದನ್ನು ಓದಲಿಲ್ಲ. ನಕ್ಷೆಯಲ್ಲಿ ಅಜೆಕಾರು ಎಂಬ ಊರಿನ ಮೇಲಿದ್ದ ಒಂದು ಸೂಜಿಯನ್ನು ಕಿತ್ತು ಸಾಹೇಬರ ಅಂಗೈಯಲ್ಲಿಟ್ಟೆ. ಸಭೆಯಲ್ಲಿ ಗುಸುಗುಸು ಎದ್ದಿತು. ಇಂಗ್ಲೆಂಡಿನಲ್ಲಿ ಇಳಿಯದ ಸಿಟ್ಟು ಪಾಪ ಅವರ ಮೇಲೆ ಇಳಿಯಿತು.

"ದನ ಎಲ್ಲಿ ಉಂಟೋ ಅಲ್ಲಿ ಚುಚ್ಚಿ."

"ಅದಕ್ಕೆ ಅಲ್ಲಿಗೇ ಹೋಗಬೇಕಲ್ಲ ಮೇಡಂ?"

"ಹೌದು" ಎಂದೆ. "ಹೋಗಬೇಕು. ನಾನೂ ಬರುತ್ತೇನೆ."

ಅಜೆಕಾರು

ಮರುದಿನ ಅವರ ಜೀಪಿನಲ್ಲಿ ಹೋದೆವು. ಸಾಹೇಬರು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು. ಸೂಜಿ ಚುಚ್ಚಿದ್ದ ಮನೆಯ ಮುಂದೆ ಇಳಿದಾಗ ಹಟ್ಟಿ ಬರಿದಾಗಿತ್ತು. ನೆಲ ಒಣಗಿತ್ತು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಯಜಮಾನರು ತಲೆಯೆತ್ತಿ, ಕತ್ತಿಯಿಂದಲೇ ಗದ್ದೆಯ ಆಚೆಯ ಗುಡ್ಡೆಯನ್ನು ತೋರಿಸಿದರು.

ಗದ್ದೆಯ ಹುಣಿಯ ಮೇಲೆ ಸಾಲಾಗಿ ನಡೆದೆವು. ಮುಂದೆ ಸಾಹೇಬರು, ಹಿಂದೆ ನಾನು. ಗುಡ್ಡೆಯ ಬುಡದಲ್ಲಿ ಸೋಗೆ ಹೊದಿಸಿದ ಒಂದು ಹೊಸ ಕೊಟ್ಟಿಗೆ, ಅದರ ಮುಂದೆ ಒಬ್ಬ ಹೆಂಗಸು. ನಮ್ಮನ್ನು ಕಂಡದ್ದೇ ತಡ, ಕೈಯಲ್ಲಿದ್ದ ಹುಲ್ಲಿನ ಕಟ್ಟನ್ನು ಕೆಳಗೆ ಹಾಕಿ, ಎರಡೂ ಕೈ ಅಡ್ಡ ಹಿಡಿದು ಕೂಗಿದಳು:

"ಹೋಯ್! ಅಲ್ಲೇ ನಿಲ್ಲಿ! ಸಾಹೇಬರಾದರೆ ಎಂತ? ಊರೆಲ್ಲ ತಿರುಗಿ ಬಂದ ಕಾಲು ಅದು! ನನ್ನ ದನದ ಹತ್ತಿರ ಬರುವುದು ಬೇಡ!"

ಸಾಹೇಬರು ತಿರುಗಿ ನನ್ನನ್ನು ನೋಡಿದರು. ಒಂದು ಕಾಲು ಹುಣಿಯ ಮೇಲಿತ್ತು, ಇನ್ನೊಂದನ್ನು ಮುಂದಿಡಲು ಎತ್ತಿದ್ದರು.

"ನಿಲ್ಲಿ" ಎಂದೆ.

ಅವರು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು. ನಾನು ಬಾಯಿಗೆ ಎರಡೂ ಕೈ ಹಿಡಿದು, ಗದ್ದೆಯ ಈಚೆಯಿಂದಲೇ ಕೂಗಿದೆ:

"ಅಕ್ಕಾ! ದನ ಹೇಗುಂಟು?"